ಗಂಟೆಯ ಎರಡು ಅರ್ಥ: ಕಾಯಕದ ಹೊತ್ತು, ಪ್ರಾರ್ಥನೆಯ ಹೊತ್ತು

ಕನ್ನಡದಲ್ಲಿ ‘ಗಂಟೆ’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ದೇವರ ಮುಂದೆ ಬಾರಿಸುವುದೂ ಗಂಟೆಯೇ, ಕಾಲವನ್ನು ಅಳೆಯುವುದೂ ಗಂಟೆಯೇ. ಇದು ಕೇವಲ ಶಬ್ದದ ಆಕಸ್ಮಿಕವಲ್ಲ. ಗಳಿಗೆಬಟ್ಟಲು ನೀರಿನಲ್ಲಿ ಮುಳುಗಿದಾಗ ಗಂಟೆ ಬಾರಿಸಿ ಜನರಿಗೆ ಹೊತ್ತು ತಿಳಿಸುವ ಪದ್ಧತಿ ನಮ್ಮ ದೇಶದಲ್ಲಿ ಬಹುಕಾಲವಿತ್ತು. ಯೂರೋಪಿನಲ್ಲಿಯೂ ಆರನೆಯ ಶತಮಾನದ ಸಂತ ಬೆನೆಡಿಕ್ಟನು ತನ್ನ ಸನ್ಯಾಸಿಗಳಿಗೆ ಹಗಲಿನಲ್ಲಿ ಏಳು ಸಲ, ಇರುಳಿನಲ್ಲಿ ಒಂದು ಸಲ ಪ್ರಾರ್ಥನೆಯನ್ನು ವಿಧಿಸಿದನು. ಯಂತ್ರಗಡಿಯಾರದ ಹುಟ್ಟಿಗೆ ಅಂಥ ಮಠಗಳ ಕಾಲನಿಷ್ಠೆಯೇ ಪ್ರೇರಣೆಯೆಂದು ಹಲವು ಚರಿತ್ರಕಾರರು ಹೇಳುತ್ತಾರೆ. ಹೀಗೆ ಪ್ರಾರ್ಥನೆಗೆಂದು ಬೆಳೆದ ಕಾಲಗಣನೆಯೇ ಮುಂದೆ ಕಾರ್ಖಾನೆಯ ಸೊತ್ತಾಯಿತು. ಹೊತ್ತು ಪಾಳಿಗೆ ಸೇರಿದ ಮೇಲೆ ದುಡಿಯುವವನ ನಿತ್ಯಪೂಜೆಯ ಗತಿಯೇನು? ಬೆಂಗಳೂರಿನ ಹೊರವಲಯದ ಚರಿತ್ರೆಯನ್ನು ನೋಡಿದರೆ ಈ ಪ್ರಶ್ನೆಯ ಆಳ ತಿಳಿಯುತ್ತದೆ.

ಇಂದು ಉದ್ಯಮಗಳಿಂದ ತುಂಬಿರುವ ಈ ನೆಲ ಮೊದಲು ಪ್ರಾರ್ಥನೆಯ ನೆಲವಾಗಿದ್ದಿತು. ಇಲೆಕ್ಟ್ರಾನಿಕ್ ಸಿಟಿಗೆ ಸಮೀಪದ ಬೇಗೂರಿನಲ್ಲಿ ಗಂಗರ ಕಾಲದ ನಾಗೇಶ್ವರ ದೇವಾಲಯವಿದೆ. ‘ಬೆಂಗಳೂರು’ ಎಂಬ ಹೆಸರನ್ನುಳ್ಳ, ಸುಮಾರು ಕ್ರಿ.ಶ. 890ರ ವೀರಗಲ್ಲಿನ ಶಾಸನ ದೊರೆತುದೂ ಅಲ್ಲಿಯೇ. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆ ಇಲೆಕ್ಟ್ರಾನಿಕ್ ಸಿಟಿಯನ್ನು ಆರಂಭಿಸಿದ ಊರುಗಳಲ್ಲಿ ಒಂದರ ಹೆಸರು ಕೋನಪ್ಪನ ಅಗ್ರಹಾರ. ಅಗ್ರಹಾರವೆಂದರೆ ವೇದಾಧ್ಯಯನಕ್ಕೆಂದು, ತ್ರಿಕಾಲ ಸಂಧ್ಯೆಗೆಂದು ದಾನವಿತ್ತ ಊರು. ಹತ್ತನೆಯ ಚಾಮರಾಜ ಒಡೆಯರು 1882ರಲ್ಲಿ ಆಂಗ್ಲೋ-ಇಂಡಿಯನ್ನರ ಸಂಘಕ್ಕೆ ಭೂಮಿಯನ್ನಿತ್ತುದರಿಂದ ವೈಟ್‌ಫೀಲ್ಡ್ ನೆಲೆಗೊಂಡಿತು. ಆ ಸಣ್ಣ ವಸತಿಯೊಡನೆ ಇಗರ್ಜಿಯ ಗಂಟೆಯೂ ಬಂದಿತು. ಅದರ ಮಗ್ಗುಲಿನ ಕಾಡುಗೋಡಿಯ ಬೃಂದಾವನದಲ್ಲಿ ಸತ್ಯಸಾಯಿಬಾಬಾ ಅವರ ಭಕ್ತರು ಬೆಳಗಿನ ಜಾವ ಓಂಕಾರ, ಸುಪ್ರಭಾತಗಳೊಡನೆ ದಿನವನ್ನು ಆರಂಭಿಸುವ ಪದ್ಧತಿ ಬೆಳೆಯಿತು.

ಇತ್ತ ಪೀಣ್ಯಕ್ಕೆ ಹೊಂದಿಕೊಂಡ ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್.ಎಂ.ಟಿ. ಸ್ಥಾಪನೆಯಾಯಿತು. ಜಪಾನಿನ ಸಿಟಿಜನ್ ಕಂಪೆನಿಯ ಸಹಯೋಗದಿಂದ 1961ರಲ್ಲಿ ಅದು ಕೈಗಡಿಯಾರಗಳ ತಯಾರಿಕೆಗೆ ತೊಡಗಿತು. ದೇಶದ ಜನರ ಮುಂಗೈಗೆ ಗಂಟೆಯನ್ನು ಕಟ್ಟಿದ ಆ ಕೈಗಡಿಯಾರ ಉದ್ಯಮವನ್ನು ಮುಚ್ಚುವ ನಿರ್ಧಾರವಾದುದು 2016ರಲ್ಲಿ. 1970ರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ ರೂಪುಗೊಂಡಾಗ ಹಳ್ಳಿಗಾಡಿನಿಂದ ಬಂದ ಸಾವಿರಾರು ಜನ ಸೂರ್ಯನ ಹೊತ್ತನ್ನು ಬಿಟ್ಟು ಸೈರನ್ನಿನ ಹೊತ್ತಿಗೆ ಒಗ್ಗಿಕೊಂಡರು.

ಸೈರನ್ನಿನ ಹೊತ್ತಿನ ಹಿಂದೆಯೂ ಧರ್ಮದ ನೆರಳಿದೆ. 1948ರ ಕಾರ್ಖಾನೆಗಳ ಅಧಿನಿಯಮವು ವಾರದ ರಜೆಯನ್ನು ಸಾಮಾನ್ಯವಾಗಿ ವಾರದ ಮೊದಲ ದಿನಕ್ಕೆ, ಎಂದರೆ ಭಾನುವಾರಕ್ಕೆ ನಿಗದಿಪಡಿಸಿತು. ಕ್ರಿ.ಶ. 321ರಲ್ಲಿ ರೋಮಿನ ಸಾಮ್ರಾಟ ಕಾನ್‌ಸ್ಟಂಟೈನನು ಆ ದಿನವನ್ನು ವಿಶ್ರಾಂತಿಯ ದಿನವೆಂದು ಸಾರಿದ್ದನು. ಮುಂಬಯಿಯ ಗಿರಣಿ ಕಾರ್ಮಿಕರಿಗೆ 1890ರಲ್ಲಿ ಭಾನುವಾರದ ರಜೆಯನ್ನು ದೊರಕಿಸಿಕೊಟ್ಟ ನಾರಾಯಣ ಮೇಘಾಜಿ ಲೋಖಂಡೆಯವರಾದರೋ ಅದು ಖಂಡೋಬನ ವಾರವೆಂಬುದನ್ನೂ ಮುಂದಿಟ್ಟರು. ಖಂಡೋಬನೆಂದರೆ ಕನ್ನಡಿಗರ ಮೈಲಾರಲಿಂಗನೇ. ಒಂದೇ ದಿನ ಎರಡು ಶ್ರದ್ಧೆಗಳಿಗೆ ಸಂದಿತು.

ವಾರದ ಪೂಜೆಗೆ ಹೀಗೆ ಎಡೆ ದೊರೆಯಿತು. ನಿತ್ಯದ ಪೂಜೆಯ ಸಮಸ್ಯೆ ಹಾಗೆಯೇ ಉಳಿಯಿತು. ಬೆಂಗಳೂರಿನಲ್ಲಿ ಸೂರ್ಯಾಸ್ತದ ಹೊತ್ತು ವರ್ಷವಿಡೀ ಸುಮಾರು ಒಂದು ಗಂಟೆಯಷ್ಟು ಮಾತ್ರ ಹಿಂದೆಮುಂದೆಯಾಗುತ್ತದೆ. ಆದುದರಿಂದ ಮುಸಲ್ಮಾನರ ಐದು ನಮಾಜುಗಳಲ್ಲಿ ಸೂರ್ಯಾಸ್ತದ ಮಗ್ರಿಬ್ ಆಗಲಿ, ಸಂಧ್ಯಾವಂದನೆಯ ಸಾಯಂಕಾಲದ ಅರ್ಘ್ಯವಾಗಲಿ ಎರಡನೆಯ ಪಾಳಿಯ ನಡುವೆಯೇ ಬೀಳುತ್ತದೆ. ಯೆಹೂದ್ಯರ ಮೂರು ಹೊತ್ತಿನ ಪ್ರಾರ್ಥನೆಗೂ, ಸಿಖ್ಖರು ಸಂಜೆ ಪಠಿಸುವ ರೆಹರಾಸಿಗೂ ಇದೇ ತೊಡಕು. ಆದರೆ ಪ್ರಾಚೀನರು ಇದನ್ನು ಅರಿಯದವರಲ್ಲ. ಹೊತ್ತು ಮೀರಿದರೆ ಪ್ರಾಯಶ್ಚಿತ್ತಾರ್ಘ್ಯವನ್ನು ಕೊಟ್ಟು ಸಂಧ್ಯೆಯನ್ನು ಮುಂದುವರಿಸಬಹುದೆಂಬ ವಿಧಿಯಿದೆ. ಇಸ್ಲಾಮಿನಲ್ಲಿ ಪ್ರಯಾಣಿಕನಿಗೆ ನಾಲ್ಕು ರಕಾತುಗಳ ನಮಾಜು ಎರಡಕ್ಕೆ ಇಳಿಯುತ್ತದೆ. ತಪ್ಪಿಹೋದುದನ್ನು ಅನಂತರ ಸಲ್ಲಿಸಲು ‘ಕಜಾ’ ಎಂಬ ಕ್ರಮವಿದೆ. ಸುಮಾರು ಕ್ರಿ.ಶ. 200ರಲ್ಲಿ ಸಂಕಲಿತವಾದ ಯೆಹೂದ್ಯರ ಮಿಷ್ನಾ ಗ್ರಂಥವು ಮರದ ಮೇಲೆ, ಗೋಡೆಯ ಮೇಲೆ ದುಡಿಯುವ ಕೂಲಿಯವನು ಅಲ್ಲಿಂದಲೇ ‘ಶೆಮಾ’ವನ್ನು ಪಠಿಸಬಹುದೆನ್ನುತ್ತದೆ, ಆದರೆ ನಿಂತು ಮಾಡುವ ಮುಖ್ಯ ಪ್ರಾರ್ಥನೆಗೆ ಈ ವಿನಾಯಿತಿಯನ್ನು ಕೊಡುವುದಿಲ್ಲ. ದುಡಿಮೆಗೆ ಮನ್ನಣೆಯಿದೆ, ಆ ಮನ್ನಣೆಗೆ ಮಿತಿಯೂ ಇದೆ.

ಹನ್ನೆರಡನೆಯ ಶತಮಾನದ ಶರಣರು ಈ ಪ್ರಶ್ನೆಯನ್ನು ಬೇರೊಂದು ಬಗೆಯಿಂದ ಬಿಡಿಸಿದರು. ಅಂಗದ ಮೇಲೆ ಧರಿಸುವ ಇಷ್ಟಲಿಂಗಕ್ಕೆ ಗುಡಿಯ ಬಾಗಿಲು ತೆರೆಯುವ ಹೊತ್ತು ಬೇಕಿಲ್ಲ. ಕರಸ್ಥಲವೇ ಪೀಠವಾದುದರಿಂದ ದುಡಿಯುವವನು ಇದ್ದಲ್ಲಿಯೇ ಪೂಜೆ ಸಾಧ್ಯ. ಕಾಯಕದಲ್ಲಿ ನಿರತನಾದವನು ಗುರುದರ್ಶನವನ್ನೂ ಲಿಂಗಪೂಜೆಯನ್ನೂ ಮರೆಯಬೇಕಾದೀತೆಂಬಷ್ಟು ಮುಂದಕ್ಕೆ ಆಯ್ದಕ್ಕಿ ಮಾರಯ್ಯನು ಹೋಗುತ್ತಾನೆ. ಹುಲ್ಲು ಕೊಯ್ಯುವಾಗ ನುಲಿಯ ಚಂದಯ್ಯನ ಲಿಂಗ ಜಾರಿ ನೀರಿಗೆ ಬಿದ್ದರೂ ಅವನು ಕಾಯಕವನ್ನು ನಿಲ್ಲಿಸಲಿಲ್ಲವೆಂಬ ಪ್ರಸಂಗ ಶೂನ್ಯಸಂಪಾದನೆಯಲ್ಲಿ ಪ್ರಸಿದ್ಧ. ದುಡಿಮೆ, ನಾಮಸ್ಮರಣೆ, ಹಂಚಿ ಉಣ್ಣುವುದು ಎಂಬ ಸಿಖ್ಖರ ಮೂರು ನಿಯಮಗಳು ಕಾಯಕ, ಲಿಂಗಪೂಜೆ, ದಾಸೋಹಗಳನ್ನು ನೆನಪಿಸುತ್ತವೆ. ಆದರೆ ಪಾಳಿಯ ದುಡಿಮೆಯೆಲ್ಲವೂ ಕಾಯಕವೆಂದು ಭಾವಿಸಿ ಪೂಜೆಯನ್ನು ಕೈಬಿಡುವುದು ಶರಣರ ಅಭಿಪ್ರಾಯವಲ್ಲ. ಸತ್ಯಶುದ್ಧವಾಗಿದ್ದು ದಾಸೋಹಕ್ಕೆ ಸಲ್ಲುವ ದುಡಿಮೆ ಮಾತ್ರ ಕಾಯಕವೆನಿಸುತ್ತದೆ. ಚಂದಯ್ಯನು ಹಗ್ಗ ಹೊಸೆದು ಮಾರಿದುದು ಜಂಗಮದಾಸೋಹಕ್ಕೆ. ತನ್ನ ದುಡಿಮೆಯ ಒಡೆಯನೂ ಅವನೇ ಆಗಿದ್ದನು. ಪಾಳಿಯ ಕಾರ್ಮಿಕನಿಗೆ ಆ ಸ್ವಾತಂತ್ರ್ಯವಿಲ್ಲ.

ಆದುದರಿಂದಲೇ ಅವನಿಗೆ ಬಿಡುವು ಬೇಕು. ಐದು ಗಂಟೆಗೂ ಮಿಗಿಲಾಗಿ ಎಡೆಬಿಡದೆ ದುಡಿಸದೆ ಅರ್ಧ ಗಂಟೆಯ ವಿರಾಮ ಕೊಡಬೇಕೆಂಬ 1948ರ ನಿಯಮ ದೇಹಕ್ಕೆಂದು ಮಾಡಿದುದಾದರೂ ಆತ್ಮಕ್ಕೂ ಉಪಕಾರಿಯಾಗಿತ್ತು. ಮಹಾನವಮಿಯ ಆಯುಧಪೂಜೆಯಂದು ಪೀಣ್ಯದ ಲೇತುಗಳು ನಿಂತು, ಅರಿಸಿನ ಕುಂಕುಮ ಹೂವುಗಳಿಂದ ಸಿಂಗಾರಗೊಂಡು, ಬೂದುಗುಂಬಳ ಒಡೆದು, ಕಡಲೆಪುರಿ ಹಂಚುವಾಗ ಕೆಲಸದ ಮನೆಯೇ ಪೂಜೆಯ ಮನೆಯಾಗುತ್ತದೆ. ಅದು ವರ್ಷಕ್ಕೊಮ್ಮೆಯ ಮಾತು. ಇರುಳ ಪಾಳಿ ಮುಗಿಸಿ, ಊರೆಲ್ಲ ಏಳುವ ಹೊತ್ತಿಗೆ ಮನೆಗೆ ಮರಳುವವನು ಮಲಗುವ ಮುನ್ನ ಮಿಂದು, ಕರಸ್ಥಲದಲ್ಲಿ ದೃಷ್ಟಿಯಿಡಲು ಹತ್ತು ನಿಮಿಷವನ್ನು ಉಳಿಸಿಕೊಂಡರೆ ಗಂಟೆಯ ಎರಡನೆಯ ಅರ್ಥ ಮೊದಲನೆಯದನ್ನು ನುಂಗಲಿಲ್ಲವೆಂದೇ ತಿಳಿಯಬೇಕು.