ಕೀಲಿಕೈ ಯಾರ ಹತ್ರ?

ದಸರಾ ಹತ್ತಿರ ಬಂತು ಅಂದ್ರೆ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಒಂದು ಮೆಸೇಜು ಬಂದೇ ಬರುತ್ತದೆ: ‘ನಾಲ್ಕು ದಿನ ಊರಿಗೆ ಹೋಗ್ತಿದೀವಿ, ನಮ್ಮ ಬೆಕ್ಕಿಗೆ ಯಾರಾದ್ರೂ ಊಟ ಹಾಕ್ತೀರಾ?’ ಅದರ ಕೆಳಗೇ ಯಾರಾದರೂ ಉತ್ತರಿಸುತ್ತಾರೆ: ‘ಬೆಕ್ಕು ತಾನೇ? ದೊಡ್ಡ ಬಟ್ಟಲಲ್ಲಿ ಊಟ ಇಟ್ಟು ಹೋಗಿ. ಅದರ ಪಾಡು ಅದು ನೋಡ್ಕೊಳ್ಳತ್ತೆ.’

ಈ ಮಾತನ್ನು ನಂಬಿ ನಾನೂ ಒಮ್ಮೆ ಊರಿಗೆ ಹೋಗಿದ್ದೆ. ವಾಪಸ್ ಬಂದಾಗ ಬಟ್ಟಲಿನ ತುಂಬ ಇರುವೆ. ನೀರಿನ ಪಾತ್ರೆ ಮಗುಚಿ ಬಿದ್ದಿತ್ತು. ಮಂಚದಡಿ ಸೇರಿದ್ದ ಬೆಕ್ಕು ಹೊರಗೆ ಬರೋಕೆ ಪೂರ್ತಿ ಒಂದು ದಿನ ತಗೊಂಡಿತು. ಡಾಕ್ಟರು ಬೈಯಲಿಲ್ಲ. ಬೆಕ್ಕು ಕೆಲವು ದಿನ ಏನೂ ತಿನ್ನದಿದ್ದರೆ ಲಿವರ್‌ನಲ್ಲಿ ಕೊಬ್ಬು ತುಂಬಿಕೊಂಡು ಜೀವಕ್ಕೇ ಅಪಾಯ ಆಗಬಹುದು ಅಂತ ಹೇಳಿದರು, ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು.

ಆಮೇಲೆ ಈ ‘ಅದರ ಪಾಡು ಅದು’ ಅನ್ನೋ ನಂಬಿಕೆಯ ಜಾಡು ಹಿಡಿದು ಓದುತ್ತಾ ಹೋದೆ. ಅದು ಹಳೆಯದು, ಮತ್ತು ಅದರಿಂದ ಸತ್ತ ಬೆಕ್ಕುಗಳಿಗೆ ಲೆಕ್ಕವಿಲ್ಲ. ಆ ಕತೆ ದಾಖಲೆಗಳ ಸಮೇತ ಸಿಗುವ ಊರು ಲಂಡನ್.

1851ರಲ್ಲಿ ಹೆನ್ರಿ ಮೇಹ್ಯೂ ಎಂಬ ಪತ್ರಕರ್ತ ಲಂಡನ್ನಿನ ಬೀದಿ ವ್ಯಾಪಾರಿಗಳನ್ನು ಒಬ್ಬೊಬ್ಬರನ್ನಾಗಿ ಮಾತಾಡಿಸಿ ದೊಡ್ಡ ಪುಸ್ತಕ ಮಾಡಿದ. ಅದರಲ್ಲಿ ‘ಬೆಕ್ಕಿನ ಮಾಂಸದವರು’ ಅಂತ ಒಂದು ಕಸುಬಿನವರು ಬರುತ್ತಾರೆ. ಗಾಡಿ ಎಳೆದು ಮುದಿಯಾದ ಕುದುರೆಗಳನ್ನು ಕಡಿದು, ಮಾಂಸ ಬೇಯಿಸಿ, ಸಣ್ಣ ಸಣ್ಣ ತುಂಡು ಮಾಡಿ ಕಡ್ಡಿಗೆ ಸಿಕ್ಕಿಸಿ ಮಾರುವುದು ಇವರ ಕೆಲಸ. ನಮ್ಮಲ್ಲಿ ಹಾಲಿನವರು ಬರೋ ಹಾಗೆ ದಿನಾ ಅದೇ ಬೀದಿ, ಅದೇ ಮನೆಗಳು. ಊರಿನಲ್ಲಿ ಸುಮಾರು 3 ಲಕ್ಷ ಬೆಕ್ಕುಗಳಿವೆ, ಅವುಗಳಿಗೆ ಮಾಂಸ ತರುವವರು ಸಾವಿರದಷ್ಟು ಜನ ಇದ್ದಾರೆ ಅಂತ ಮೇಹ್ಯೂ ಅಂದಾಜು ಮಾಡಿದ್ದ. ಒಬ್ಬ ವ್ಯಾಪಾರಿ ಅವನಿಗೆ ಒಬ್ಬ ಕಪ್ಪು ಹೆಂಗಸಿನ ವಿಷಯ ಹೇಳುತ್ತಾನೆ. ಆಕೆ ದಿನಕ್ಕೆ 16 ಪೆನ್ನಿಯ ಮಾಂಸ ಕೊಂಡು, ಮನೆಯ ಮಾಡು ಹತ್ತಿ, ಹೆಂಚಿನ ಮೇಲೆ ಸೇರಿದ್ದ ಬೀದಿ ಬೆಕ್ಕುಗಳಿಗೆಲ್ಲ ಎಸೆಯುತ್ತಿದ್ದಳಂತೆ. ಅಕ್ಕಪಕ್ಕದವರಿಗೆ ತಲೆನೋವು. ಇವತ್ತೂ ಯಾವ ಲೇಔಟಿಗೆ ಹೋದರೂ ಇಂಥ ಒಬ್ಬ ಆಂಟಿ, ಅವರ ಮೇಲೆ ಒಂದು ಕಂಪ್ಲೇಂಟು ಇದ್ದೇ ಇರುತ್ತೆ ಅಲ್ವಾ?

ಅಂದರೆ ಬೆಕ್ಕು ತನ್ನ ಪಾಡು ತಾನು ನೋಡಿಕೊಳ್ಳುತ್ತಿರಲಿಲ್ಲ. ಅದನ್ನು ಸಾಕಲು ಒಂದು ಇಡೀ ಕಸುಬೇ ಇತ್ತು. ಆದರೆ ಮಾಂಸದವನು ಬಂದಾಗ ಬಾಗಿಲು ತೆಗೆದು ಕಾಸು ಕೊಡೋಕೆ ಮನೆಯಲ್ಲಿ ಯಾರಾದರೂ ಇರಬೇಕಿತ್ತು.

ರೈಲು ಬಂದ ಮೇಲೆ ಸಮಸ್ಯೆ ಶುರುವಾಯಿತು. ಬೇಸಿಗೆಯಲ್ಲಿ ಅನುಕೂಲಸ್ಥರು ವಾರಗಟ್ಟಲೆ ಮನೆಗೆ ಬೀಗ ಹಾಕಿ ಕಡಲತೀರಕ್ಕೋ ಹಳ್ಳಿಗೋ ಹೋಗತೊಡಗಿದರು. 1871ರ ಕಾನೂನಿನಿಂದ ಆಗಸ್ಟಿನ ಮೊದಲ ಸೋಮವಾರ ಬ್ಯಾಂಕ್ ರಜೆ ಆದಮೇಲೆ ಉಳಿದವರೂ ರೈಲು ಹತ್ತಿದರು. ನಾಯಿ ಜೊತೆಗೆ ಹೋಗುತ್ತಿತ್ತು, ಬೆಕ್ಕು ಬೀಗದ ಒಳಗೋ ಹೊರಗೋ ಉಳಿಯುತ್ತಿತ್ತು. ಬೆಕ್ಕು ಮನುಷ್ಯರನ್ನಲ್ಲ, ಮನೆಯನ್ನು ಹಚ್ಚಿಕೊಳ್ಳುತ್ತೆ ಅನ್ನೋದು ಒಂದು ಸಮಾಧಾನ. ಇಲಿ ಹಿಡಿದು ತಿನ್ನುತ್ತೆ ಅನ್ನೋದು ಇನ್ನೊಂದು. ನಾಯಿಗೆ 1796ರಿಂದಲೇ ತೆರಿಗೆ ಇತ್ತು, ಹಾಗಾಗಿ ಅದಕ್ಕೆ ಲೆಕ್ಕದಲ್ಲಿ ಒಬ್ಬ ಯಜಮಾನ ಇದ್ದ. ಬೆಕ್ಕಿಗೆ ತೆರಿಗೆಯೂ ಇಲ್ಲ, ಲೆಕ್ಕವೂ ಇಲ್ಲ.

ಈ ಸಮಾಧಾನ ಸರ್ಕಾರಿ ಕಡತವನ್ನೂ ಹೊಕ್ಕಿತ್ತು. 1868ರಲ್ಲಿ ಲಂಡನ್ನಿನ ಅಂಚೆ ಇಲಾಖೆಯ ಮನಿ ಆರ್ಡರ್ ಕಚೇರಿಯಲ್ಲಿ ಇಲಿಕಾಟ ಹೆಚ್ಚಾಗಿ ಮೂರು ಬೆಕ್ಕು ಇಟ್ಟುಕೊಳ್ಳಲು ತೀರ್ಮಾನವಾಯಿತು. ಅವುಗಳ ಊಟಕ್ಕೆ ವಾರಕ್ಕೆ ಎರಡು ಶಿಲ್ಲಿಂಗ್ ಕೇಳಿದರೆ ಮೇಲಧಿಕಾರಿ ಮಂಜೂರು ಮಾಡಿದ್ದು ಒಂದೇ ಶಿಲ್ಲಿಂಗ್. ಉಳಿದದ್ದನ್ನು ಬೆಕ್ಕುಗಳು ಇಲಿ ಹಿಡಿದು ದುಡಿದುಕೊಳ್ಳಲಿ, ಆರು ತಿಂಗಳಲ್ಲಿ ಇಲಿ ಕಡಿಮೆಯಾಗದಿದ್ದರೆ ಭತ್ಯೆ ಇನ್ನಷ್ಟು ಕಡಿತ ಅಂತ ಷರಾ. ಓದಿದಾಗ ನಮ್ಮ ಅಪ್ರೈಸಲ್ ಲೆಟರ್ ನೆನಪಾಗಿ ನಗು ಬರುತ್ತೆ. ಆದರೆ ಅರ್ಧ ಹೊಟ್ಟೆ ಖಾಲಿ ಇಟ್ಟರೆ ಚೆನ್ನಾಗಿ ಬೇಟೆಯಾಡುತ್ತೆ ಅಂತ ನಂಬಿದ ಊರು, ಆಗಸ್ಟಿನಲ್ಲಿ ಬೀಗ ಹಾಕಿ ಹೊರಡುವಾಗ ಯಾಕೆ ಹಿಂದೆ ತಿರುಗಿ ನೋಡುತ್ತೆ?

ನೋಡಿದವರೂ ಇದ್ದರು. 1860ರಲ್ಲಿ ಮೇರಿ ಟೀಲ್ಬಿ ಎಂಬಾಕೆ ಬೀದಿಪಾಲಾದ ನಾಯಿಗಳಿಗೆ ಒಂದು ಆಸರೆ ಕಟ್ಟಿದರು. ಅದೇ ಮುಂದೆ 1871ರಲ್ಲಿ ಬ್ಯಾಟರ್ಸಿಗೆ ಬಂತು. ಅಲ್ಲಿ ಬೆಕ್ಕುಗಳನ್ನು ತೆಗೆದುಕೊಳ್ಳಲು ಶುರು ಮಾಡಿದ್ದು 1883ರಲ್ಲಿ. ಬೆಕ್ಕಿಗೂ ಯಾರಾದರೂ ಬೇಕು ಅಂತ ಒಪ್ಪಿಕೊಳ್ಳೋಕೆ ಒಳ್ಳೆಯವರಿಗೂ 23 ವರ್ಷ ಹಿಡಿಯಿತು. 1896ರಲ್ಲಿ ಕ್ಯಾಮ್ಡನ್ ಟೌನಿನಲ್ಲಿ ಬೆಕ್ಕುಗಳಿಗೇ ಅಂತ ಒಂದು ಸಂಸ್ಥೆ ಹುಟ್ಟಿತು. ಹೆಸರಿನಲ್ಲೇ ‘ಕಳೆದುಹೋದ ಮತ್ತು ಹಸಿದ ಬೆಕ್ಕುಗಳು’ ಅಂತಿತ್ತು. ಇಂಥ ಕಡೆ ಬಂದ ಬೆಕ್ಕುಗಳಲ್ಲಿ ಹಲವಕ್ಕೆ ಸಿಕ್ಕಿದ್ದು ಹೊಸ ಮನೆಯಲ್ಲ, ನೋವಿಲ್ಲದ ಸಾವು. ಹಸಿದು ಸಾಯೋದಕ್ಕಿಂತ ಇದು ಮೇಲು ಅಂತ ಅಂದಿನ ದಯಾವಂತರು ಪ್ರಾಮಾಣಿಕವಾಗಿ ನಂಬಿದ್ದರು. ಈ ನಂಬಿಕೆಯನ್ನು ನೆನಪಿಟ್ಟುಕೊಳ್ಳಿ. ಮುಂದೆ ಇದೇ ದೊಡ್ಡದಾಗುತ್ತದೆ.

1939. ಯುದ್ಧ ಬರುವುದು ಖಚಿತವಾಗಿತ್ತು. ವಾಯುದಾಳಿಯ ವೇಳೆ ಪ್ರಾಣಿಗಳ ವಿಷಯ ನೋಡಿಕೊಳ್ಳಲು ಬ್ರಿಟನ್ನಿನ ಗೃಹ ಇಲಾಖೆ ಒಂದು ಸಮಿತಿ ಮಾಡಿತು. ಸಮಿತಿ ಒಂದು ಕರಪತ್ರ ಹಂಚಿತು. ಅದರ ಸಾರ ಇಷ್ಟು: ಸಾಧ್ಯವಾದರೆ ನಿಮ್ಮ ಪ್ರಾಣಿಗಳನ್ನು ಮೊದಲೇ ಹಳ್ಳಿಗೆ ಕಳಿಸಿ. ನೆರೆಯವರ ಸುಪರ್ದಿಗೆ ಕೊಡಲೂ ಆಗದಿದ್ದರೆ, ಅವುಗಳಿಗೆ ಸಾವು ಕೊಡಿಸುವುದೇ ದಯೆ.

ಸೆಪ್ಟೆಂಬರ್ 3ರಂದು ಯುದ್ಧ ಘೋಷಣೆಯಾಯಿತು. ಮಕ್ಕಳನ್ನು ರೈಲು ಹತ್ತಿಸಿ ಹಳ್ಳಿಗಳಿಗೆ ಕಳಿಸುತ್ತಿದ್ದರು. ಸಾರ್ವಜನಿಕ ಆಶ್ರಯತಾಣಗಳಲ್ಲಿ ಪ್ರಾಣಿಗಳಿಗೆ ಪ್ರವೇಶವಿರಲಿಲ್ಲ. ಪ್ರಾಣಿ ಆಸ್ಪತ್ರೆಗಳ ಮುಂದೆ ಬುಟ್ಟಿ ಹಿಡಿದವರ ಸಾಲು ಬೆಳೆಯಿತು. ಲಂಡನ್ನೊಂದರಲ್ಲೇ ಆ ಮೊದಲ ವಾರ ಸುಮಾರು 4 ಲಕ್ಷ ನಾಯಿ, ಬೆಕ್ಕುಗಳನ್ನು ಅವುಗಳ ಯಜಮಾನರೇ ಕೊಲ್ಲಿಸಿದರು ಎನ್ನುತ್ತಾರೆ ಇತಿಹಾಸಕಾರ್ತಿ ಹಿಲ್ಡಾ ಕೀನ್. ಸರ್ಕಾರ ಹಾಗೆ ಆಜ್ಞೆ ಮಾಡಿರಲಿಲ್ಲ. ಒಂದು ಬಾಂಬೂ ಬಿದ್ದಿರಲಿಲ್ಲ. ಲಂಡನ್ ಮೇಲೆ ರಾತ್ರಿಗಟ್ಟಲೆ ಬಾಂಬ್ ಸುರಿಯಲು ಶುರುವಾದದ್ದು ಪೂರಾ ಒಂದು ವರ್ಷದ ನಂತರ, 1940ರ ಸೆಪ್ಟೆಂಬರ್ 7ರಂದು.

ಇವರು ಕ್ರೂರಿಗಳಾಗಿರಲಿಲ್ಲ. ಎಷ್ಟೋ ಜನ ಅಳುತ್ತಲೇ ಸಾಲಿನಲ್ಲಿ ನಿಂತಿದ್ದಿರಬೇಕು. ಕರಪತ್ರದ ‘ನೆರೆಯವರು’ ಅನ್ನೋ ಪದದ ಮುಂದೆ ಅವರಿಗೆ ಬರೆದುಕೊಳ್ಳೋಕೆ ಒಂದು ಹೆಸರು ಇರಲಿಲ್ಲ, ಅಷ್ಟೇ.

ಹೆಸರು ಇದ್ದವರೂ ಇದ್ದರು. ಹ್ಯಾಮಿಲ್ಟನ್ನಿನ ಡಚೆಸ್ ನೀನಾ, ಹಳ್ಳಿಯಲ್ಲಿದ್ದ ತಮ್ಮ ಫರ್ನ್ ಹೌಸ್ ಬಂಗಲೆಯನ್ನೇ ಊರು ಬಿಟ್ಟವರ ಪ್ರಾಣಿಗಳಿಗೆ ತೆರೆದರು. ವಿಚಿತ್ರ ಅಂದ್ರೆ ಕರಪತ್ರ ಹಂಚಿದ ಅದೇ ಸಮಿತಿ, ಬೀದಿ ಬೀದಿಯಲ್ಲಿ ಸ್ವಯಂಸೇವಕರನ್ನು ನೇಮಿಸಿ, ಪ್ರಾಣಿಗಳ ಹೆಸರು ಬರೆದುಕೊಂಡು, ಕೊರಳಿಗೆ ಗುರುತಿನ ಬಿಲ್ಲೆ ಕಟ್ಟಿಸಿತು. ದಾಳಿಯಾದರೆ ಯಾವ ಮನೆಯಲ್ಲಿ ಯಾವ ಪ್ರಾಣಿ ಇದೆ ಅಂತ ಆ ಬೀದಿಯ ಒಬ್ಬರಿಗಾದರೂ ಗೊತ್ತಿರಲಿ ಅಂತ. 4 ಲಕ್ಷ ಪ್ರಾಣಿಗಳಿಗೆ ಬೇಕಾಗಿದ್ದದ್ದೂ ಇಷ್ಟೇ.

ಕಾನೂನು ಬಂದದ್ದು ಇನ್ನೂ ತಡವಾಗಿ. 1960ರಲ್ಲಿ ಬ್ರಿಟನ್ನು ಪ್ರಾಣಿಗಳನ್ನು ಬಿಟ್ಟುಹೋಗುವುದರ ವಿರುದ್ಧವೇ ಒಂದು ಕಾಯ್ದೆ ತಂದಿತು. ಸರಿಯಾದ ಕಾರಣವಿಲ್ಲದೆ, ನರಳುವ ಸ್ಥಿತಿಯಲ್ಲಿ ಬಿಟ್ಟುಹೋದರೆ ಅಪರಾಧ, ಶಾಶ್ವತವಾಗಿ ಬಿಟ್ಟರೂ ಸರಿ, ತಾತ್ಕಾಲಿಕವಾಗಿ ಬಿಟ್ಟರೂ ಸರಿ. ಆಗಸ್ಟಿನ ರಜೆಯವರನ್ನು ಹಿಡಿದದ್ದು ಆ ‘ತಾತ್ಕಾಲಿಕ’. 1963ರಲ್ಲಿ ದುಡ್ಡು ತೆಗೆದುಕೊಂಡು ನಾಯಿ, ಬೆಕ್ಕು ಇರಿಸಿಕೊಳ್ಳುವ ಬೋರ್ಡಿಂಗ್‌ಗಳಿಗೂ ಲೈಸೆನ್ಸ್ ಕಡ್ಡಾಯವಾಯಿತು.

ಅದೇ 1960ರಲ್ಲಿ ನಮ್ಮ ದೇಶದಲ್ಲೂ ಪ್ರಾಣಿ ಹಿಂಸೆ ತಡೆ ಕಾಯ್ದೆ ಬಂತು. ಸಾಕಿದ ಪ್ರಾಣಿಗೆ ಸಾಕಷ್ಟು ಊಟ, ನೀರು, ನೆರಳು ಕೊಡದಿರುವುದು, ಹಸಿವು ಬಾಯಾರಿಕೆಯಿಂದ ನರಳುವ ಹಾಗೆ ಕಾರಣವಿಲ್ಲದೆ ಬಿಟ್ಟುಹೋಗುವುದು, ಎರಡೂ 11ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಸಲದ ತಪ್ಪಿಗೆ ಕಾಯ್ದೆಯಲ್ಲಿ ಬರೆದ ದಂಡ 10ರಿಂದ 50 ರೂಪಾಯಿ. ಇಂದಿರಾನಗರದ ಕೆಫೆಯಲ್ಲಿ ಈ ದುಡ್ಡಿಗೆ ಕಾಫಿ ಸಿಕ್ಕರೆ ನಿಮ್ಮ ಪುಣ್ಯ. ಹಾಗಾಗಿ ದಂಡಕ್ಕೆ ಹೆದರಿ ಯಾರೂ ಬೆಕ್ಕಿಗೆ ವ್ಯವಸ್ಥೆ ಮಾಡಿ ಹೋಗೋದಿಲ್ಲ.

ನಮ್ಮ ಹತ್ರ ಈಗ ಟೈಮಿಗೆ ಸರಿಯಾಗಿ ಊಟ ಬೀಳಿಸುವ ಮಷೀನಿದೆ, ಫೋನಿನಲ್ಲೇ ನೋಡಬಹುದಾದ ಕ್ಯಾಮೆರಾ ಇದೆ. ಇರಲಿ, ಒಳ್ಳೆಯದೇ. ಆದರೆ ಬೆಕ್ಕು ಬಟ್ಟಲಿನ ಹತ್ತಿರ ಬರಲೇ ಇಲ್ಲ ಅಂತ ಕ್ಯಾಮೆರಾದಲ್ಲಿ ಕಂಡಾಗ ನೀವು ಶಿವಮೊಗ್ಗದಲ್ಲೋ ಸಿಂಗಪುರದಲ್ಲೋ ಇರುತ್ತೀರಿ. ಆಗ ಬಾಗಿಲು ತೆಗೆಯೋಕೆ ಒಬ್ಬರು ಬೇಕು.

ಆ ಇರುವೆಗಳ ಪ್ರಸಂಗ ಆದಮೇಲೆ ನಾನು ಎದುರು ಮನೆ ಆಂಟಿಯ ಬಾಗಿಲು ತಟ್ಟಿದೆ. ಮೂರು ವರ್ಷದಿಂದ ಲಿಫ್ಟಿನಲ್ಲಿ ನಕ್ಕಿದ್ದು ಬಿಟ್ಟರೆ ಮಾತಿಲ್ಲ. ವಿಷಯ ಹೇಳಿದೆ. ‘ನೋಡಪ್ಪಾ, ಆ ಮೀನಿನ ಪ್ಯಾಕೆಟ್ ಎಲ್ಲ ನಾನು ಮುಟ್ಟಲ್ಲ. ಒಣ ಕಾಳಿನ ಥರ ಬರುತ್ತಲ್ಲ, ಅದಾದ್ರೆ ಹಾಕ್ತೀನಿ. ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ,’ ಅಂದರು. ಆಮೇಲೆ, ‘ಹೆಸರೇನು ಅದಕ್ಕೆ?’ ಅಂತ ಕೇಳಿದರು.

ಹೆಸರು ಹೇಳಿ, ಕೀಲಿಕೈ ಕೊಟ್ಟು ಬಂದೆ.