ಅಂಕದ ವೈನು, ಊಟದ ವೈನು

ಕಳೆದ ಚಳಿಗಾಲದ ಒಂದು ಭಾನುವಾರ ನಾವು ನಾಲ್ವರು ಗೆಳೆಯರು ನಮ್ಮ ಮನೆಯ ಊಟದ ಮೇಜಿನ ಸುತ್ತ ಕೂತು ಒಂದು ಆಟ ಆಡಿದೆವು. ಮೂರು ಕೆಂಪು ವೈನಿನ ಬಾಟಲಿಗಳು. ಒಂದು ಫ್ರಾನ್ಸಿನ ಬೋರ್ಡೋ ಸೀಮೆಯದು, ಮೂರರಲ್ಲಿ ಅದೇ ದುಬಾರಿ. ಉಳಿದೆರಡು ನಮ್ಮ ದೇಶದವು. ಒಬ್ಬರು ಬಾಟಲಿಗಳಿಗೆ ಹಳೆಯ ದಿನಪತ್ರಿಕೆ ಸುತ್ತಿದರು, ಇನ್ನೊಬ್ಬರು ಆಚೆ ಕೋಣೆಯಲ್ಲಿ ಅವುಗಳ ಜಾಗ ಬದಲಿಸಿ 1, 2, 3 ಎಂದು ನಂಬರು ಬರೆದರು. ಯಾವುದು ಯಾವುದೆಂದು ಯಾರಿಗೂ ಗೊತ್ತಿಲ್ಲ. ಎಲ್ಲರ ಮುಂದೆ ಒಂದೊಂದು ಹಾಳೆ, ಒಂದೊಂದು ಪೆನ್ಸಿಲ್ಲು; 20ಕ್ಕೆ ಅಂಕ ಕೊಡಬೇಕು.

ಬರಿಬಾಯಲ್ಲಿ ಗುಟುಕರಿಸಿದಾಗ 2ನೇ ನಂಬರಿನ ವೈನು ಯಾರಿಗೂ ಹಿಡಿಸಲಿಲ್ಲ. ಬಾಯೆಲ್ಲ ಒಗರು. ನಾನು 11 ಕೊಟ್ಟೆ. ಆಮೇಲೆ ಉಪ್ಪು, ಕಾಳುಮೆಣಸು ಹಾಕಿ ಹುರಿದ ಕೊಬ್ಬಿರುವ ಮಟನ್ ಬಂತು. ಒಂದು ತುಂಡು ತಿಂದು ಅದೇ ವೈನು ಕುಡಿದರೆ ಒಗರು ಎಲ್ಲಿಗೋ ಹೋಗಿ ಹಣ್ಣಿನ ರುಚಿ ಮೇಲೆ ಬಂದಿತ್ತು. ಈಗ 16. ಕೊನೆಗೆ ಅಕ್ಕಿ ರೊಟ್ಟಿ, ಖಾರದ ಸಾರು. ಅದೇ ವೈನು ಈಗ ನಾಲಿಗೆ ಸುಟ್ಟು ಕಹಿಯಾಯಿತು. 9. ಒಂದೇ ಬಾಟಲಿಗೆ ಒಂದೇ ರಾತ್ರಿ ಒಬ್ಬನೇ ಮನುಷ್ಯ ಕೊಟ್ಟ ಮೂರು ಅಂಕ.

ಪತ್ರಿಕೆ ಬಿಚ್ಚಿದಾಗ 2ನೆಯದು ಬೋರ್ಡೋ ಎಂದು ಗೊತ್ತಾಯಿತು. ನಿಜ ಹೇಳಬೇಕೆಂದರೆ, ಆಗ ನನ್ನ ಕೈ ತಾನಾಗಿ ಪೆನ್ಸಿಲ್ಲಿನ ಕಡೆ ಹೋಯಿತು. 9 ಇದ್ದದ್ದನ್ನು 13 ಮಾಡಿದೆ. ಯಾರೂ ನೋಡಲಿಲ್ಲ. ಆದರೆ ಆ ನಾಲ್ಕು ಅಂಕ ಆಮೇಲೂ ನನ್ನನ್ನು ಕಾಡಿತು. ಅವನ್ನು ಕೊಟ್ಟವರು ಯಾರು? ನನ್ನ ನಾಲಿಗೆಯಂತೂ ಅಲ್ಲ. ವೈನಿಗೆ ಅಂಕ ಕೊಡುವ ರೂಢಿಯ ಚರಿತ್ರೆಯನ್ನು ನಾನು ಹುಡುಕಿಕೊಂಡು ಹೋದದ್ದು ಹೀಗೆ.

ಒಂದು ನಿರ್ದಿಷ್ಟ ತೋಟದ ವೈನಿನ ರುಚಿಯನ್ನು ಹೆಸರು ಹಿಡಿದು ಬರೆದಿಟ್ಟ ಹಳೆಯ ದಾಖಲೆಗಳಲ್ಲಿ ಪ್ರಸಿದ್ಧವಾದದ್ದು ಲಂಡನ್ನಿನ ಸ್ಯಾಮ್ಯುಯೆಲ್ ಪೀಪ್ಸ್‌ನದು. ನೌಕಾಪಡೆಯ ಆಡಳಿತದಲ್ಲಿದ್ದ ಈತ 1663ರ ಏಪ್ರಿಲ್ 10ರ ದಿನಚರಿಯಲ್ಲಿ, ರಾಯಲ್ ಓಕ್ ಎಂಬ ಪಾನಗೃಹದಲ್ಲಿ ಕುಡಿದ ಒಂದು ಫ್ರೆಂಚ್ ವೈನಿನ ಬಗ್ಗೆ ಬರೆದಿದ್ದಾನೆ. ಅದು ಬೋರ್ಡೋದ ಓ-ಬ್ರಿಯೋಂ ತೋಟದ್ದು. ಹೆಸರನ್ನು ಕಿವಿಗೆ ಬಿದ್ದ ಹಾಗೆ ತಪ್ಪಾಗಿ ಬರೆದಿದ್ದರೂ, ಇಂಥ ವಿಶೇಷ ರುಚಿಯನ್ನು ತಾನು ಬೇರೆಲ್ಲೂ ಕಂಡಿಲ್ಲ ಎಂಬ ಭಾವ ಅಲ್ಲಿ ಸ್ಪಷ್ಟವಾಗಿದೆ. ಅಂಕವಿಲ್ಲ, ದರ್ಜೆಯಿಲ್ಲ. ಕುಡಿದವನೊಬ್ಬನ ಸಂತೋಷ ಮಾತ್ರ ಇದೆ.

ದರ್ಜೆ ಬಂದದ್ದು ಸುಮಾರು ಇನ್ನೂರು ವರ್ಷಗಳ ನಂತರ. 1855ರಲ್ಲಿ ಚಕ್ರವರ್ತಿ ಮೂರನೇ ನೆಪೋಲಿಯನ್ ಪ್ಯಾರಿಸ್ಸಿನಲ್ಲಿ ಜಾಗತಿಕ ವಸ್ತುಪ್ರದರ್ಶನ ನಡೆಸಿದ. ಅಲ್ಲಿ ಇಡಲು ಬೋರ್ಡೋ ವೈನುಗಳ ಶ್ರೇಣಿಪಟ್ಟಿ ಬೇಕೆಂದು ಆ ಊರಿನ ವಾಣಿಜ್ಯ ಮಂಡಳಿ ವೈನ್ ದಲ್ಲಾಳಿಗಳ ಸಂಘಕ್ಕೆ ಪತ್ರ ಬರೆಯಿತು. ಎರಡೇ ವಾರದಲ್ಲಿ, ಏಪ್ರಿಲ್ 18ರಂದು, ಪಟ್ಟಿ ಸಿದ್ಧವಾಯಿತು. ಅಷ್ಟು ಬೇಗ ಹೇಗೆ? ದಲ್ಲಾಳಿಗಳು ಅದಕ್ಕಾಗಿ ರುಚಿ ನೋಡುತ್ತ ಕೂರಲಿಲ್ಲ. ಬಹುಕಾಲದಿಂದ ಯಾವ ತೋಟದ ವೈನು ಯಾವ ಬೆಲೆಗೆ ಹೋಗುತ್ತಿದೆ ಎಂಬ ಲೆಕ್ಕ ಅವರ ಬಳಿ ಇತ್ತು. ಆ ಬೆಲೆಯನ್ನೇ ಐದು ದರ್ಜೆಗಳಾಗಿ ವಿಂಗಡಿಸಿದರು. ಲಫೀತ್, ಲಾತೂರ್, ಮಾರ್ಗೋ, ಓ-ಬ್ರಿಯೋಂ ಎಂಬ ನಾಲ್ಕು ಮೊದಲ ದರ್ಜೆಗೆ ಬಂದವು. ಓ-ಬ್ರಿಯೋಂ ಒಂದನ್ನು ಬಿಟ್ಟರೆ ಪಟ್ಟಿಯ ಕೆಂಪು ವೈನುಗಳೆಲ್ಲ ಮೆದೋಕ್ ಎಂಬ ಒಂದೇ ಪ್ರದೇಶದವು. ಪಕ್ಕದ ಪೊಮೆರೋಲ್ ಲೆಕ್ಕಕ್ಕೇ ಇರಲಿಲ್ಲ. ಇಂದು ಜಗತ್ತಿನ ಅತಿ ದುಬಾರಿ ವೈನುಗಳಲ್ಲಿ ಒಂದಾದ ಪೆತ್ರೂಸ್ ಅಲ್ಲಿಯದು.

ಒಂದು ಪ್ರದರ್ಶನಕ್ಕೆಂದು ಮಾಡಿದ ಪಟ್ಟಿ ಶಾಸನದಂತೆ ನಿಂತುಬಿಟ್ಟಿತು. ಆ ಮೇಲಿನ ದರ್ಜೆಗೆ ಬಡ್ತಿ ಸಿಕ್ಕಿದ್ದು ಒಂದೇ ಒಂದು ತೋಟಕ್ಕೆ. ಎರಡನೇ ದರ್ಜೆಯಲ್ಲಿದ್ದ ಮೂತೋಂ ತೋಟದ ಒಡೆಯ ಫಿಲಿಪ್ ದ ರಾತ್‌ಶೀಲ್ಡ್ ದಶಕಗಳ ಕಾಲ ಪಟ್ಟುಹಿಡಿದು, 1973ರಲ್ಲಿ ಅದನ್ನು ಮೊದಲ ದರ್ಜೆಗೆ ಏರಿಸಿಕೊಂಡ. ಅದಕ್ಕೆ ಸಹಿ ಹಾಕಿದ ಕೃಷಿಮಂತ್ರಿ ಜಾಕ್ ಶಿರಾಕ್, ಮುಂದೆ ಫ್ರಾನ್ಸಿನ ಅಧ್ಯಕ್ಷನಾದವನು. ಬೆಲೆಯಿಂದ ದರ್ಜೆ ಬಂತು, ದರ್ಜೆಯಿಂದ ಮತ್ತೆ ಬೆಲೆ ಬಂತು. ಈ ಗಾಣದಲ್ಲಿ ಕುಡಿಯುವವನ ನಾಲಿಗೆಗೆ ಜಾಗವಿರಲಿಲ್ಲ.

ಊಟ ಮಾಡಿದರೆ ರುಚಿ ಬದಲಾಗುತ್ತದೆ ಎಂಬುದು ಈ ವ್ಯಾಪಾರಿಗಳಿಗೆ ಗೊತ್ತಿರಲಿಲ್ಲವೆ? ಚೆನ್ನಾಗಿಯೇ ಗೊತ್ತಿತ್ತು. ಇಂಗ್ಲೆಂಡಿನ ವೈನ್ ವರ್ತಕರಲ್ಲಿ ಒಂದು ನಾಣ್ಣುಡಿಯಿದೆ: ಕೊಳ್ಳುವಾಗ ಸೇಬು ತಿಂದು ಕೊಳ್ಳು, ಮಾರುವಾಗ ಚೀಸ್ ತಿನ್ನಿಸಿ ಮಾರು. ಸೇಬಿನ ಹುಳಿ, ಸಿಹಿಗಳ ಮುಂದೆ ವೈನಿನ ಕೊರತೆಗಳೆಲ್ಲ ಎದ್ದು ಕಾಣುತ್ತವೆ. ಚೀಸಿನ ಕೊಬ್ಬು, ಉಪ್ಪು ಅವನ್ನು ಮುಚ್ಚಿಹಾಕುತ್ತವೆ. ಊಟವೆಂದರೆ ವೈನಿನ ಬಗ್ಗೆ ಸುಳ್ಳುಸಾಕ್ಷಿ ಹೇಳುವ ವಸ್ತು ಎಂಬ ಅನುಮಾನ ಈ ಮಾತಿನೊಳಗಿದೆ. ನ್ಯಾಯವಾಗಿ ಅಂಕ ಕೊಡಬೇಕಾದರೆ ತಟ್ಟೆಯನ್ನು ಆಚೆಗಿಡಬೇಕು ಎಂಬ ಇಪ್ಪತ್ತನೇ ಶತಮಾನದ ನಿಯಮಕ್ಕೂ ಇದೇ ಅನುಮಾನ ಮೂಲ.

ಆ ನಿಯಮದ ದೊಡ್ಡ ಗೆಲುವು 1976ರ ಮೇ 24ರಂದು ಪ್ಯಾರಿಸ್ಸಿನ ಒಂದು ಹೋಟೆಲಿನಲ್ಲಿ ಆಯಿತು. ಅಲ್ಲಿ ವೈನ್ ಅಂಗಡಿ ಇಟ್ಟುಕೊಂಡಿದ್ದ ಸ್ಟೀವನ್ ಸ್ಪರಿಯರ್ ಎಂಬ ಇಂಗ್ಲಿಷಿನವನು 9 ಮಂದಿ ಫ್ರೆಂಚ್ ಪರಿಣತರನ್ನು ಕರೆದು, ಹೆಸರು ತಿಳಿಸದೆ ವೈನ್ ಕೊಟ್ಟು 20ಕ್ಕೆ ಅಂಕ ಕೇಳಿದ. ಕೆಂಪಿನಲ್ಲಿ 4 ಬೋರ್ಡೋದವು, 6 ಕ್ಯಾಲಿಫೋರ್ನಿಯಾದವು. ಬೋರ್ಡೋ ಗೆಲ್ಲುತ್ತದೆಂದು ಎಲ್ಲರೂ ಎಣಿಸಿದ್ದರಿಂದ ಸುದ್ದಿ ಮಾಡಲು ಬಂದವನು ‘ಟೈಮ್’ ಪತ್ರಿಕೆಯ ಜಾರ್ಜ್ ಟೇಬರ್ ಒಬ್ಬನೇ. ಗೆದ್ದದ್ದು ಸ್ಟ್ಯಾಗ್ಸ್ ಲೀಪ್ ವೈನ್ ಸೆಲ್ಲರ್ಸ್‌ನ 1973ರ ವೈನು. ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವುದನ್ನು ಬಿಟ್ಟು ದ್ರಾಕ್ಷಿ ಬೆಳೆಯಲು ಹೋದ ವಾರೆನ್ ವಿನಿಯಾರ್‌ಸ್ಕಿ, ನೆಟ್ಟು ಮೂರೇ ವರ್ಷವಾದ ಬಳ್ಳಿಗಳ ಹಣ್ಣಿನಿಂದ ಅದನ್ನು ಮಾಡಿದ್ದ. ಮೂತೋಂ 1970 ಎರಡನೆಯದು, ಓ-ಬ್ರಿಯೋಂ 1970 ನಾಲ್ಕನೆಯದು. ಮೊದಲೆರಡರ ನಡುವಿನ ಅಂತರ ಕೂದಲೆಳೆಯಷ್ಟು.

ಫಲಿತಾಂಶ ಹೇಳಿದ ಮೇಲೆ ನಡೆದ ಒಂದು ಸಣ್ಣ ಘಟನೆ ನನಗೆ ಅಂಕಗಳಿಗಿಂತ ಮುಖ್ಯವಾಗಿ ಕಂಡಿತು. ತೀರ್ಪುಗಾರರಲ್ಲಿ ಒಬ್ಬರಾದ, ಫ್ರಾನ್ಸಿನ ಹೆಸರಾಂತ ವೈನ್ ಪತ್ರಿಕೆಯ ಸಂಪಾದಕಿ ಒಡೆಟ್ ಕಾನ್, ತನ್ನ ಅಂಕದ ಹಾಳೆ ತನಗೆ ವಾಪಸು ಬೇಕೆಂದು ಕೇಳಿದರು. ಸ್ಪರಿಯರ್ ಕೊಡಲಿಲ್ಲ. ನನ್ನ 9 ಮತ್ತು 13 ನೆನಪಾದವು. ಹೆಸರು ತಿಳಿದ ಮೇಲೆ ತನ್ನ ನಾಲಿಗೆಯ ಮಾತನ್ನೇ ಹಿಂತೆಗೆದುಕೊಳ್ಳಬೇಕೆನ್ನಿಸುವುದು ಪರಿಣತರಿಗೂ ತಪ್ಪಿದ್ದಲ್ಲ. 1855ರ ದರ್ಜೆಯನ್ನು ಅಲುಗಿಸಲು ಬಾಟಲಿಗೆ ಮುಸುಕು ಹಾಕಲೇಬೇಕಿತ್ತು. ಆ ಮಟ್ಟಿಗೆ ಈ ವಿಧಾನ ನಮ್ಮಂಥವರಿಗೆ ಮಾಡಿದ ಉಪಕಾರ ದೊಡ್ಡದು.

ಎರಡು ವರ್ಷಗಳ ನಂತರ, 1978ರಲ್ಲಿ, ಅಮೆರಿಕದ ಮೇರಿಲ್ಯಾಂಡಿನ ವಕೀಲ ರಾಬರ್ಟ್ ಪಾರ್ಕರ್ ಒಂದು ವಾರ್ತಾಪತ್ರ ಶುರುಮಾಡಿದ. ಅವನೂ ಮನೆಯಲ್ಲಿ ರುಚಿ ನೋಡುತ್ತ ಬೆಳೆದ ಹವ್ಯಾಸಿಯೇ. ಶಾಲೆಯ ಪರೀಕ್ಷೆಯ ಹಾಗೆ 100ಕ್ಕೆ ಅಂಕ ಕೊಟ್ಟ. ಬೋರ್ಡೋದ 1982ರ ಫಸಲನ್ನು ಅವನು ಎತ್ತಿಹಿಡಿದ ಮೇಲೆ ಅವನ ಮಾತಿಗೆ ಮಾರುಕಟ್ಟೆ ಕುಣಿಯತೊಡಗಿತು. ಅವನ ದಿನಗಳು ಸಾಲುಸಾಲು ವೈನುಗಳನ್ನು ಬಾಯಲ್ಲಿ ತಿರುಗಿಸಿ ಉಗಿದು ಮುಂದೆ ಹೋಗುವುದರಲ್ಲಿ ಕಳೆಯುತ್ತಿದ್ದವು. ಹಾಗೆ ಒಂದರ ಹಿಂದೆ ಒಂದು ನೋಡುವಾಗ ಬಾಯಿಯನ್ನು ಗೆಲ್ಲುವುದು ಗಾಢವಾದ, ಹಣ್ಣಿನ ಸಿಹಿಯೆನಿಸುವ, ಗಟ್ಟಿಯಾಗಿ ಕೂಗುವ ವೈನು. ಊಟದ ಜೊತೆ ಮೆಲ್ಲಗೆ ಮಾತಾಡುವ ವೈನು ಆ ಸಾಲಿನಲ್ಲಿ ಹಿಂದೆ ಬೀಳುತ್ತದೆ. ಪಾರ್ಕರನಿಗೆ ಹಿಡಿಸುವಂತೆ ಎಲ್ಲ ದೇಶಗಳ ವೈನೂ ಒಂದೇ ರುಚಿಗೆ ತಿರುಗುತ್ತಿದೆ ಎಂಬ ಆಕ್ಷೇಪ ಎದ್ದಿತು. 2004ರ ‘ಮೊಂಡೊವೀನೋ’ ಸಾಕ್ಷ್ಯಚಿತ್ರ ಈ ಜಗಳವನ್ನೇ ಚಿತ್ರಿಸುತ್ತದೆ. ಅದರಲ್ಲಿ ಬರುವ ಬೋರ್ಡೋದ ಸಲಹೆಗಾರ ಮಿಶೆಲ್ ರೋಲಾಂ, ನಮ್ಮ ನಂದಿಬೆಟ್ಟದ ಬುಡದ ಗ್ರೋವರ್ ತೋಟಕ್ಕೂ ಸಲಹೆ ಕೊಟ್ಟವನು.

ಆ ಅಂಕಗಳಾದರೂ ಎಷ್ಟು ಗಟ್ಟಿ? 2001ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಬೋರ್ಡೋ ವಿಶ್ವವಿದ್ಯಾಲಯದ 54 ವೈನ್‌ಶಾಸ್ತ್ರ ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಅವರು ಅದನ್ನು ಕೆಂಪು ವೈನಿಗೆ ಬಳಸುವ ಮಾತುಗಳಲ್ಲೇ ಬಣ್ಣಿಸಿದರು. ಮೂಗಿಗಿಂತ ಮೊದಲು ಕಣ್ಣು ಪದ ಆರಿಸಿತ್ತು. 2008ರಲ್ಲಿ ರಾಬರ್ಟ್ ಹಾಡ್ಜ್‌ಸನ್, ಕ್ಯಾಲಿಫೋರ್ನಿಯಾ ರಾಜ್ಯಮೇಳದ ತೀರ್ಪುಗಾರರಿಗೆ ಒಂದೇ ಬಾಟಲಿಯ ವೈನನ್ನು ಬೇರೆಯವುಗಳ ನಡುವೆ ಮೂರು ಸಲ ಕೊಟ್ಟು ಪಡೆದ ಫಲಿತಾಂಶ ಪ್ರಕಟಿಸಿದ. ಮೂರು ಸಲವೂ ಒಂದೇ ಪದಕದ ಮಟ್ಟದಲ್ಲಿ ಅಂಕ ಕೊಟ್ಟವರು ಸುಮಾರು 10ರಲ್ಲಿ ಒಬ್ಬರು. ನನ್ನ 11, 16, 9 ಅಂಥ ಅವಮಾನವೇನಲ್ಲ ಎಂದು ಸಮಾಧಾನವಾಯಿತು. ನನ್ನ ಏರಿಳಿತಕ್ಕಾದರೂ ತಟ್ಟೆಯಲ್ಲಿ ಕಾರಣವಿತ್ತು.

ಕಾರಣ ಇದು. ಕೆಂಪು ವೈನು ಕಪ್ಪು ದ್ರಾಕ್ಷಿಯ ಸಿಪ್ಪೆ, ಬೀಜಗಳ ಜೊತೆಗೇ ಹುದುಗುತ್ತದೆ. ಅವುಗಳಿಂದ ಬರುವ ಟ್ಯಾನಿನ್, ಜೊಲ್ಲಿನ ಪ್ರೋಟೀನನ್ನು ಹಿಡಿದುಕೊಂಡು ಅದರ ಜಾರುತನ ಕಳೆಯುತ್ತದೆ. ಬಾಯಿ ಒರಟಾಗುತ್ತದೆ. ಮಾಂಸದ ಪ್ರೋಟೀನು, ಕೊಬ್ಬು ಸಿಕ್ಕರೆ ಟ್ಯಾನಿನ್ ಅತ್ತ ತಿರುಗುತ್ತದೆ, ಉಪ್ಪು ಕಹಿಯನ್ನು ತಗ್ಗಿಸುತ್ತದೆ. ಮೆಣಸಿನಕಾಯಿಯ ಉರಿಯ ಮೇಲೆ ಆಲ್ಕೋಹಾಲು ಬಿದ್ದರೆ ಉರಿ ಹೆಚ್ಚುತ್ತದೆ. ಬೋರ್ಡೋದವರು ತಮ್ಮ ವೈನನ್ನು ಪೊಯಾಕ್ ಊರಿನ ಕುರಿಮರಿಯ ಮಾಂಸದ ಜೊತೆ ಕುಡಿಯುತ್ತ ಬಂದದ್ದು ಸುಮ್ಮನೆ ಅಲ್ಲ. ಆ ವೈನು ತಟ್ಟೆಯ ಇನ್ನೊಂದು ಅರ್ಧವನ್ನು ನೆಚ್ಚಿಕೊಂಡೇ ಹುಟ್ಟಿದ್ದು. ಹಾಗಾದರೆ ಊಟ ಹೇಳುವುದು ಸುಳ್ಳುಸಾಕ್ಷಿ ಎನ್ನುವುದು ಹೇಗೆ? ಬರಿಬಾಯಿಯ ಅಂಕವೇ ಅರ್ಧಸತ್ಯ.

ಟ್ಯಾನಿನ್ನಿನ ಈ ಗುಣಕ್ಕೆ ಕನ್ನಡದಲ್ಲಿ ಎಂಥ ಪದವಿದೆ ನೋಡಿ: ಒಗರು. ಷಡ್ರಸಗಳಲ್ಲಿ ಒಂದು. ಅಡಿಕೆ ಅಗಿದವರಿಗೆ, ಬಾಳೆಕಾಯಿ ಕಚ್ಚಿದವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಆದರೂ ವೈನಿನ ಮುಂದೆ ಕೂತಾಗ ನಾವು ಎಂದೂ ತಿನ್ನದ ಬ್ಲ್ಯಾಕ್‌ಕರಂಟ್ ಹಣ್ಣನ್ನು ನೆನಪಿಸಿಕೊಳ್ಳಲು ಒದ್ದಾಡುತ್ತೇವೆ. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಆನ್ ನೋಬಲ್ 1980ರ ದಶಕದಲ್ಲಿ ವೈನಿನ ಪರಿಮಳಗಳ ಚಕ್ರವೊಂದನ್ನು ರೂಪಿಸಿದರು. ‘ಸೊಗಸಾದ’, ‘ಗಂಭೀರ’ ಎಂಬಂಥ ಹೊಗಳಿಕೆ ಬಿಟ್ಟು, ಅಡುಗೆಮನೆಯಲ್ಲಿ ಮೂಸಿ ನೋಡಬಹುದಾದ ವಸ್ತುವಿನ ಹೆಸರು ಹೇಳಿ ಎಂಬುದು ಅವರ ಹಟ. ಆ ಹಟವನ್ನು ಹಿಡಿದರೆ ನಮ್ಮ ಅಡುಗೆಮನೆಯೇ ಸಾಕು. ಕ್ಯಾಬರ್ನೆ ಸೊವಿನ್ಯೊಂನಲ್ಲಿ ದಪ್ಪ ಮೆಣಸಿನಕಾಯಿಯ ವಾಸನೆ ಸಿಗುತ್ತದೆ. ಶಿರಾಜಿನಲ್ಲಿ ಸಿಗುವ ಕಾಳುಮೆಣಸಿನ ಘಮಕ್ಕೆ ಕಾರಣವಾದ ರೋಟಂಡೋನ್, ನಿಜವಾದ ಕಾಳುಮೆಣಸಿನಲ್ಲಿರುವ ವಸ್ತುವೇ. ನೇರಳೆ ಹಣ್ಣಿನ ಹುಳಿ, ಸಿಹಿ, ಒಗರು ಮೂರೂ ಸೇರಿದ ರುಚಿಗಿಂತ ಕೆಂಪು ವೈನಿಗೆ ಹತ್ತಿರದ ಹೋಲಿಕೆ ನನಗಂತೂ ತೋಚುವುದಿಲ್ಲ.

ನಂದಿಬೆಟ್ಟದ ಸುತ್ತಲೇ ಬೆಳೆಯುವ ಬೆಂಗಳೂರು ಬ್ಲೂ ದ್ರಾಕ್ಷಿಯ ಕಥೆಯನ್ನೂ ಇಲ್ಲಿ ನೆನೆಯಬೇಕು. ಅಮೆರಿಕದ ಕಾಡುದ್ರಾಕ್ಷಿಯ ರಕ್ತವಿರುವ ಈ ತಳಿಯ ಕಟುವಾದ ಪರಿಮಳವನ್ನು ವೈನ್ ಪರಿಣತರು ‘ನರಿವಾಸನೆ’ ಎಂದು ದೋಷವಾಗಿ ಎಣಿಸುತ್ತಾರೆ. ಇದರ ಬಳಗದ ಇಸಬೆಲ್ ತಳಿಯ ವೈನ್ ಮಾರುವುದನ್ನು ಫ್ರಾನ್ಸ್ 1930ರ ದಶಕದಲ್ಲೇ ನಿಷೇಧಿಸಿತು. ನಮ್ಮಲ್ಲಿ ಅದೇ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದೆ. ಈ ಸೀಮೆಯಲ್ಲಿ ಬೆಳೆದವರಿಗೆ ಆ ವಾಸನೆಯೆಂದರೆ ದ್ರಾಕ್ಷಿಯ ವಾಸನೆ, ಅಷ್ಟೇ. ಅದರ ವೈನು ಬೋರ್ಡೋಗೆ ಸಮ ಎಂದು ನಾನು ವಾದಿಸುತ್ತಿಲ್ಲ. ಯಾವುದು ದೋಷ, ಯಾವುದು ಗುಣ ಎಂಬ ಗೆರೆಯನ್ನು ಯಾರೋ ಎಲ್ಲಿಯೋ ಕೂತು ಎಳೆದಿರುತ್ತಾರೆ ಎಂಬುದು ಅಂಕ ಬರೆಯುವಾಗ ನೆನಪಿದ್ದರೆ ಸಾಕು.

ಹಾಗೆಂದು ಅಂಕ ಬೇಡವೇ ಬೇಡ ಎನ್ನಲಾರೆ. ಅಂಕ ಬರೆಯಬೇಕೆಂದಾಗ ಮನುಷ್ಯ ಗಮನವಿಟ್ಟು ಕುಡಿಯುತ್ತಾನೆ, ಗಮನವಿಟ್ಟು ತಿನ್ನುತ್ತಾನೆ. ಮುಂದಿನ ಸಲಕ್ಕೆ ನಾವು ನಾಲ್ವರೂ ಕೆಲವು ನಿಯಮ ಮಾಡಿಕೊಂಡಿದ್ದೇವೆ. ಬಾಟಲಿಗೆ ಮುಸುಕು ಇರಲೇಬೇಕು. ಬೆಂಗಳೂರಿನ ಸೆಕೆಯಲ್ಲಿ ಕೆಂಪು ವೈನಿನ ಆಲ್ಕೋಹಾಲೇ ಮೂಗಿಗೆ ಹೊಡೆಯುವುದರಿಂದ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಬೇಕು. ಲೋಟಕ್ಕೆ ಎರಡು ಗುಟುಕಿನಷ್ಟೇ ಸುರಿಯಬೇಕು. ಹಾಳೆಯಲ್ಲಿ ಬರಿಬಾಯಿಗೆ ಒಂದು ಮನೆ, ತಟ್ಟೆಗೆ ಬಂದ ಒಂದೊಂದು ಪದಾರ್ಥಕ್ಕೂ ಒಂದೊಂದು ಮನೆ. ಅಂಕದ ಪಕ್ಕದಲ್ಲಿ ಕನ್ನಡದ ಒಂದು ಪದ, ತಾನು ತಿಂದು ಬಲ್ಲ ರುಚಿಯದೇ ಆಗಿರಬೇಕು.

ಇನ್ನೊಂದು ನಿಯಮವನ್ನು ನಾನೇ ಸೇರಿಸಿದೆ, ಕಾರಣ ಮಾತ್ರ ಹೇಳಲಿಲ್ಲ. ಈ ಸಲ ಪೆನ್ಸಿಲ್ಲು ಇಡುವುದಿಲ್ಲ, ಎಲ್ಲರಿಗೂ ಪೆನ್ನು.