ಬೀರುವಿನ ತವರು

ನಮ್ಮ ಮಾಣಿಕನಗರದಲ್ಲಿ ಯಾವ ಮಾತೂ ಪರಕೀಯವಲ್ಲ. ಸಕಲಮತದ ಮಾಣಿಕಪ್ರಭುಗಳು (1817–1865) ಮರಾಠಿ, ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿ ಪದ ಕಟ್ಟಿ ಹಾಡಿದ ನೆಲವಿದು. 1948ರವರೆಗೆ ನಿಜಾಮರ ಆಳ್ವಿಕೆಯಿದ್ದುದರಿಂದ ಉರ್ದುವೂ ನಮ್ಮ ಮಾತಿನಲ್ಲಿ ಬೆರೆತಿದೆ. ಹೀಗಾಗಿ ಮೈಸೂರು ಕಡೆಯವರ 'ಬೀರು' ನಮ್ಮಲ್ಲಿ 'ಅಲಮಾರಿ'. ಅಲಮಾರಿಯನ್ನು ಕೊಟ್ಟವರು ಪೋರ್ಚುಗೀಸರು. ಬೀರು ನಡೆದು ಬಂದ ದಾರಿ ಇನ್ನೂ ಸ್ವಾರಸ್ಯದ್ದು.

ಹಿಂದೆ ಫ್ರಾನ್ಸಿನಲ್ಲಿ ಒರಟು ಉಣ್ಣೆಯ ಬಟ್ಟೆಯೊಂದಿತ್ತು, ನಮ್ಮ ಕುರುಬರ ಕಂಬಳಿಯಂಥದು. ಅದರ ಹೆಸರು ಬ್ಯುರೆಲ್. ಲೆಕ್ಕ ಬರೆಯುವ ಮೇಜಿನ ಮೇಲೆ ಅದನ್ನು ಹಾಸುತ್ತಿದ್ದರು. ಬರಬರುತ್ತ ಬಟ್ಟೆಯ ಹೆಸರು ಮೇಜಿಗೇ ಅಂಟಿ 'ಬ್ಯೂರೋ' ಆಯಿತು. ಮೇಜಿನಿಂದ ಕೋಣೆಗೆ, ಕೋಣೆಯಿಂದ ಕಚೇರಿಗೆ ಹಬ್ಬಿತು. 17ನೆಯ ಶತಮಾನದ ಕೊನೆಗೆ ಇಂಗ್ಲಿಷಿಗೆ ಬಂತು. ಇಂಗ್ಲಿಷರಿಗೆ ಅದು ಖಾನೆಗಳಿರುವ ಬರೆಯುವ ಮೇಜು. ಅಮೆರಿಕದವರಿಗೆ ಬಟ್ಟೆ ಇಡುವ ಖಾನೆಗಳ ಪೆಟ್ಟಿಗೆ. 18ನೆಯ ಶತಮಾನದಲ್ಲಿ ಗುರ್ನೇ ಎಂಬ ಫ್ರೆಂಚ್ ಅರ್ಥಚಿಂತಕ ಈ ಪದಕ್ಕೆ 'ಆಳ್ವಿಕೆ' ಎಂಬರ್ಥದ ಗ್ರೀಕ್ ಬಾಲವನ್ನು ಸೇರಿಸಿ 'ಬ್ಯೂರಾಕ್ರಸಿ' ಎಂದ. ಎಂದರೆ ಮೇಜಿನ ಆಳ್ವಿಕೆ. ಆ ಮೇಜಿನ ಮುಂದೆ ನಿಂತು ಕಾದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ!

ನಿಜಾಮರ ಕಾಲದ 'ದಫ್ತರ'ದ ಕಥೆಯೂ ಹೀಗೇ. ಅದರ ಬೇರು ಗ್ರೀಕ್ ಭಾಷೆಯಲ್ಲಿದೆ. ಅಲ್ಲಿ ಬರೆಯಲು ಹದಮಾಡಿದ ತೊಗಲು ಎಂದರ್ಥ. ಮುಂದೆ ಅದು ಕಾಗದದ ಕಟ್ಟಾಯಿತು, ಕಚೇರಿಯಾಯಿತು, ಮರಾಠಿ ಮಕ್ಕಳ ಶಾಲೆಯ ಚೀಲವೂ ಆಯಿತು. ನೋಡಿ, ಒಂದು ಕಚೇರಿ ಕಂಬಳಿಯಿಂದ ಹುಟ್ಟಿದರೆ ಇನ್ನೊಂದು ತೊಗಲಿನಿಂದ!

ಕನ್ನಡಕ್ಕೆ ಬ್ಯೂರೋ ಎರಡು ವೇಷದಲ್ಲಿ ಬಂದಿದೆ. ಪತ್ರಿಕೆಯವರ, ವಧೂವರರ 'ಬ್ಯೂರೋ' ಹೊರಗಿನದು, 'ಬೀರು' ಒಳಮನೆಯದು. ಬಟ್ಟೆಯಿಂದ ಹೊರಟ ಮಾತು ಕೊನೆಗೆ ನಮ್ಮ ಸೀರೆಗಳನ್ನು ಕಾಯುತ್ತ ನಿಂತಿದೆ.

ಆದರೆ ಸೀರೆಗಳ ಕೆಳಗೆ ಹೊಲಮನೆಯ ಕಾಗದಗಳೂ ಇರುತ್ತವೆ. ಎಷ್ಟೋ ಮನೆಗಳಲ್ಲಿ ಬೀರುವಿನ ಕೀಲಿಕೈ ಹೆಂಗಸಿನ ಸೊಂಟದಲ್ಲಿ, ಕಾಗದದಲ್ಲಿನ ಹೆಸರು ಗಂಡಸಿನದು. ಹಿಂದೂ ಕುಟುಂಬಗಳ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂದು 1994ರಲ್ಲಿ ಕರ್ನಾಟಕದ ಕಾನೂನು ಹೇಳಿತು. ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರದ ತಿದ್ದುಪಡಿಯಲ್ಲಿ ಆ ಭೇದ ಉಳಿಯಲಿಲ್ಲ. ಅದಕ್ಕೇ ಶಾಲೆಯ ಹುಡುಗಿಯರಿಗೆ ಬೀರುವಿನ ಕಥೆ ಹೇಳಿದಾಗಲೆಲ್ಲ ಒಂದು ಮಾತು ಸೇರಿಸುತ್ತೇನೆ: ಮನೆಯ ಅಲಮಾರಿ ತೆಗೆದಾಗ ಸೀರೆಗಳನ್ನಷ್ಟೇ ಮಡಿಸಿಡಬೇಡಿರಿ, ಕಾಗದಗಳನ್ನೂ ಬಿಚ್ಚಿ ಓದಿರಿ.